ಮೆತ್ತಿಯ ಮೇಲಿನ ಡೆಸ್ಕ್‌ಟಾಪ್‌ಗೆ ಲ್ಯಾನ್ ಪೋರ್ಟ್ ಮಾತ್ರ ಇದೆ, ವೈಫೈ ಜಗುಲಿಯಲ್ಲಿದೆ: ಜೋಡಿಸುವುದು ಹೇಗೆ?

ಸೋಂದಾ ತೋಟ (ಶಿರಸಿ ತಾಲ್ಲೂಕು)

ಸದಸ್ಯರೆಲ್ಲರಿಗೂ ನಮಸ್ಕಾರ. ನಮ್ಮ ಮನೆ ಸೋಂದಾ ಕಡೆಯ ರಸ್ತೆಯಿಂದ ಸ್ವಲ್ಪ ಒಳಗೆ, ತೋಟದ ಅಂಚಿನಲ್ಲಿದೆ. ಇತ್ತೀಚಿನವರೆಗೂ ಟೆಲಿಫೋನ್ ತಂತಿಯ ಬ್ರಾಡ್‌ಬ್ಯಾಂಡ್ ಇತ್ತು. ಅದರ ಮೋಡೆಮ್ ಮೆತ್ತಿಯ (ಮಹಡಿಯ) ಮೇಲೆ ಕಂಪ್ಯೂಟರಿನ ಪಕ್ಕದಲ್ಲೇ ಇದ್ದುದರಿಂದ ಒಂದು ಮಾರು ಲ್ಯಾನ್ ಕೇಬಲ್‌ನಲ್ಲಿ ಕೆಲಸ ಮುಗಿಯುತ್ತಿತ್ತು. ಈಗ ಫೈಬರ್ ಬಂದಿದೆ. ಲೈನ್ ಎಳೆಯಲು ಬಂದವರು ಕಂಬದಿಂದ ನೇರವಾಗಿ ಜಗುಲಿಗೆ ತಂದು, ಹೆಬ್ಬಾಗಿಲಿನ ಪಕ್ಕದ ಗೋಡೆಗೆ ವೈಫೈ ಕೊಡುವ ಪೆಟ್ಟಿಗೆಯನ್ನು ಬಡಿದು, ಎಲ್ಲರ ಫೋನ್‌ಗಳಿಗೂ ಪಾಸ್‌ವರ್ಡ್ ಹಾಕಿಕೊಟ್ಟು ಹೋದರು. ಫೋನ್‌ಗಳ ಮಟ್ಟಿಗೆ ತೊಂದರೆಯಿಲ್ಲ, ಮೆತ್ತಿಯ ಮೇಲೂ ಎರಡು ಕಡ್ಡಿ ಸಿಗ್ನಲ್ ಬರುತ್ತದೆ. ಆದರೆ ಡೆಸ್ಕ್‌ಟಾಪ್‌ಗೆ ವೈಫೈ ಇಲ್ಲ. ಅದರ ಹಿಂಭಾಗದಲ್ಲಿ ಇರುವುದು ಒಂದು ಲ್ಯಾನ್ ಪೋರ್ಟ್ ಮಾತ್ರ.

ಕಂಪ್ಯೂಟರ್ ಹಳೆಯದು, ವಿಂಡೋಸ್ 7ರದ್ದು. ತೋಟದ ಲೆಕ್ಕ, ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಕಾಗದಪತ್ರಗಳು, ಪ್ರಿಂಟರ್ ಎಲ್ಲವೂ ಅದರಲ್ಲಿಯೇ ಇರುವುದರಿಂದ ಸದ್ಯಕ್ಕೆ ಬಿಡುವಂತಿಲ್ಲ. ಅದನ್ನು ಜಗುಲಿಗೆ ಇಳಿಸಲು ಅಪ್ಪ ಒಪ್ಪುವುದಿಲ್ಲ. ನಡುಮನೆಯ ಗೋಡೆಗೆ ತೂತು ಕೊರೆಯಲಂತೂ ಮೊದಲೇ ಒಪ್ಪುವುದಿಲ್ಲ. ಪೆಟ್ಟಿಗೆಗೂ ಕಂಪ್ಯೂಟರಿಗೂ ನಡುವೆ ಎರಡು ದಪ್ಪ ಕೆಂಪುಕಲ್ಲಿನ ಗೋಡೆಗಳು, ಮೇಲೆ ಹಲಗೆಯ ಅಟ್ಟ. ಹೊರಗಿನಿಂದ ಸೂರಿನ ಅಡಿಯಲ್ಲಿ ಕೇಬಲ್ ಎಳೆದರೆ ಸುಮಾರು 25 ಮೀಟರ್ ಬೇಕಾಗಬಹುದು. ಯುಎಸ್‌ಬಿ ಪೋರ್ಟಿಗೆ ಚುಚ್ಚುವ ಪುಟ್ಟ ವೈಫೈ ಡಾಂಗಲ್, ಒಳಗೆ ಹಾಕುವ ವೈಫೈ ಕಾರ್ಡ್, ವೈಫೈಯನ್ನು ಮುಂದಕ್ಕೆ ದಾಟಿಸುವ ಎಕ್ಸ್‌ಟೆಂಡರ್ ಹೀಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಬಳಸಿ ನೋಡಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಕುಮಟಾ ರಿಪೇರಿ

ಯಾವುದನ್ನೂ ಕೊಳ್ಳುವ ಮೊದಲು ಕೈಯಲ್ಲಿರುವ ಫೋನಿನಿಂದಲೇ ಒಂದು ಪರೀಕ್ಷೆ ಮಾಡಿರಿ. ಆಂಡ್ರಾಯ್ಡ್ ಫೋನನ್ನು ಮನೆಯ ವೈಫೈಗೆ ಜೋಡಿಸಿ, ಮೊಬೈಲ್ ಡೇಟಾ ಆಫ್ ಮಾಡಿ, ಚಾರ್ಜಿಂಗ್ ಕೇಬಲ್‌ನಿಂದ ಕಂಪ್ಯೂಟರಿಗೆ ಚುಚ್ಚಿ, ಸೆಟ್ಟಿಂಗ್ಸ್‌ನ ಹಾಟ್‌ಸ್ಪಾಟ್ ವಿಭಾಗದಲ್ಲಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ. ಇದು ಸಿಮ್‌ನ ಡೇಟಾ ಹಂಚಿಕೊಳ್ಳಲು ಮಾತ್ರ ಎಂದು ಹಲವರು ತಿಳಿದಿದ್ದಾರೆ. ಆದರೆ ಫೋನ್ ವೈಫೈನಲ್ಲಿದ್ದರೆ ಅದು ಆ ವೈಫೈಯನ್ನೇ ಕೇಬಲ್ ಮೂಲಕ ಕಂಪ್ಯೂಟರಿಗೆ ದಾಟಿಸುತ್ತದೆ. ಬಹುತೇಕ ಫೋನ್‌ಗಳನ್ನು ವಿಂಡೋಸ್ 7 ಒಂದು ನೆಟ್‌ವರ್ಕ್ ಸಾಧನವೆಂದು ತಾನಾಗಿಯೇ ಗುರುತಿಸುತ್ತದೆ. ಮೇಜಿನ ಮೇಲೆ ಫೋನ್ ಇಟ್ಟಾಗ ನೆಟ್ ಸರಾಗವಾಗಿ ಬಂದರೆ ಆ ಜಾಗದಲ್ಲಿ ಸಿಗ್ನಲ್ ಸಾಕು ಎಂದಾಯಿತು. ಬರದಿದ್ದರೆ ಡಾಂಗಲ್ ತಂದು ಚುಚ್ಚಿದರೂ ಬರುವುದು ಕಷ್ಟ, ಏಕೆಂದರೆ ಉಗುರಿನಷ್ಟೇ ಇರುವ ಅಗ್ಗದ ಡಾಂಗಲ್‌ನ ಆಂಟೆನಾ ಸಾಮಾನ್ಯವಾಗಿ ಫೋನಿನದಕ್ಕಿಂತ ಉತ್ತಮವಾಗಿರುವುದಿಲ್ಲ.

ಡಾಂಗಲ್ ಕೊಳ್ಳುವುದೇ ಆದರೆ ವಿಂಡೋಸ್ 7ಕ್ಕೆ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಇದೆಯೇ ಎಂದು ಡಬ್ಬದ ಮೇಲೆ ನೋಡಿಕೊಳ್ಳಿ. ಈಗ ಬರುವ ಹೊಸ ವೈಫೈ 6 ಡಾಂಗಲ್‌ಗಳಲ್ಲಿ ಹಲವು ವಿಂಡೋಸ್ 10 ಮತ್ತು 11ಕ್ಕೆ ಮಾತ್ರ ಡ್ರೈವರ್ ಕೊಡುತ್ತವೆ. ಕೆಲವು ಡಾಂಗಲ್‌ಗಳು ಚುಚ್ಚಿದ ಕೂಡಲೇ ಒಂದು ಸಿಡಿ ಡ್ರೈವ್ ಎಂದು ತೋರಿಸಿಕೊಳ್ಳುತ್ತವೆ. ಗಾಬರಿಯಾಗಬೇಡಿ, ಡ್ರೈವರ್ ಅದರೊಳಗೇ ಇರುತ್ತದೆ, ಸ್ಥಾಪಿಸಿದ ಮೇಲೆ ಅದು ವೈಫೈ ಸಾಧನವಾಗಿ ಬದಲಾಗುತ್ತದೆ. ಡಾಂಗಲನ್ನು ಸಿಪಿಯು ಪೆಟ್ಟಿಗೆಯ ಹಿಂಭಾಗಕ್ಕೆ ಚುಚ್ಚಿದರೆ ಒಂದು ಬದಿಯಲ್ಲಿ ತಗಡು, ಇನ್ನೊಂದು ಬದಿಯಲ್ಲಿ ಗೋಡೆ. ಸಿಗ್ನಲ್‌ಗೆ ಅದಕ್ಕಿಂತ ಕೆಟ್ಟ ಜಾಗವಿಲ್ಲ. ಒಂದೂವರೆ ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಮೇಜಿನ ಮೇಲೆ ಎತ್ತರದಲ್ಲಿಟ್ಟರೆ ಅದೇ ಡಾಂಗಲ್ ಬೇರೆಯದೇ ಎಂಬಂತೆ ನಡೆದುಕೊಳ್ಳುತ್ತದೆ. ಯುಎಸ್‌ಬಿ 3.0 ಪೋರ್ಟುಗಳಿರುವ ಕಂಪ್ಯೂಟರ್‌ಗಳಲ್ಲಿ ಇನ್ನೂ ಒಂದು ಕಾಟವಿದೆ. ಆ ಪೋರ್ಟು ಮತ್ತು ಕೇಬಲ್‌ಗಳಿಂದ ಹೊರಸೂಸುವ ಗದ್ದಲ ವೈಫೈ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೆಯೇ ಬೀಳುತ್ತದೆ ಎಂದು ಇಂಟೆಲ್ ಕಂಪನಿಯೇ 2012ರಲ್ಲಿ ಬರೆದು ಪ್ರಕಟಿಸಿದೆ. ಎಕ್ಸ್‌ಟೆನ್ಷನ್ ಕೇಬಲ್ ಅದಕ್ಕೂ ಮದ್ದು.

ಒಳಗೆ ಹಾಕುವ ಕಾರ್ಡ್ ಕೆಟ್ಟದ್ದಲ್ಲ, ಆದರೆ ಅದರ ಆಂಟೆನಾಗಳೂ ಸಿಪಿಯು ಹಿಂಭಾಗಕ್ಕೇ ಬರುತ್ತವೆ, ಡ್ರೈವರಿನ ತಕರಾರು ಅಲ್ಲಿಯೂ ತಪ್ಪಿದ್ದಲ್ಲ.

ಯಲ್ಲಾಪುರ ಅಕ್ಕೋರು

ಡ್ರೈವರಿನ ಮಾತು ಬಂದುದರಿಂದ ಹೇಳುತ್ತೇನೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ, ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರವನ್ನು ಮತ್ತೆ ಅಂತರ್ಜಾಲಕ್ಕೆ ಜೋಡಿಸುವ ಶ್ರಮ ಪಡುವವರು ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆ ಹಾಕಿಕೊಳ್ಳುವುದನ್ನೂ ಯೋಚಿಸಬೇಕು ಎಂಬುದು ನನ್ನ ಅಭಿಪ್ರಾಯ. ನಮ್ಮ ಮನೆಯ ಕಂಪ್ಯೂಟರ್ ಹಾಗೆಯೇ ನಡೆಯುತ್ತಿದೆ.

ಆದರೆ ಲಿನಕ್ಸ್‌ನಲ್ಲಿ ಡಾಂಗಲ್ ಆರಿಸುವಾಗ ಡಬ್ಬದ ಮೇಲಿನ ಹೆಸರನ್ನು ನಂಬುವಂತಿಲ್ಲ, ಒಳಗಿನ ಚಿಪ್ ಯಾವುದೆಂದು ನೋಡಬೇಕು. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ಎಂಬ ಡಾಂಗಲ್‌ನ ಮೊದಲ ಆವೃತ್ತಿಯಲ್ಲಿ ಅಥೆರೋಸ್‌ನ ಎಆರ್9271 ಚಿಪ್ ಇತ್ತು, ಅದು ಲಿನಕ್ಸ್‌ನಲ್ಲಿ ಚುಚ್ಚಿದ ತಕ್ಷಣ ಕೆಲಸ ಮಾಡುತ್ತದೆ. ಅದೇ ಹೆಸರಿನ ಎರಡನೆಯ ಆವೃತ್ತಿಯಿಂದ ರಿಯಲ್‌ಟೆಕ್ ಚಿಪ್ ಬಂತು, ಅದರ ಸ್ವಭಾವವೇ ಬೇರೆ. ಮೀಡಿಯಾಟೆಕ್‌ನ ಎಂಟಿ7601ಯು ಮತ್ತು ಎಂಟಿ7612ಯು ಚಿಪ್‌ಗಳಿಗೆ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿಯೇ ಸೇರಿದೆ. ಹೊರಗಿನಿಂದ ತಂದು ಕೂಡಿಸಬೇಕಾದ ಡ್ರೈವರ್ ಇದ್ದರೆ ಕರ್ನಲ್ ಹೊಸದಾದಾಗಲೆಲ್ಲ ಅದನ್ನು ಮತ್ತೆ ಕೂಡಿಸುವ ಪ್ರಸಂಗ ಬರಬಹುದು. ಅದನ್ನು ಕೂಡಿಸಲು ನೆಟ್ ಬೇಕು, ನೆಟ್ ಬರಲು ಅದು ಬೇಕು! ಅಂಥ ಹೊತ್ತಿನಲ್ಲಿ ಕುಮಟಾದವರು ಹೇಳಿದ ಫೋನ್ ಟೆಥರಿಂಗ್ ನಿಜಕ್ಕೂ ಕೈಹಿಡಿಯುತ್ತದೆ.

ಕೋಡಿಬಾಗ ಅಂಗಡಿ (ಕಾರವಾರ)

ಅಕ್ಕೋರು ಹೇಳಿದ್ದೂ ಸರಿ, ಕುಮಟಾದವರು ಹೇಳಿದ್ದೂ ಸರಿ. ಆದರೆ ಇಬ್ಬರ ಮಾತನ್ನೂ ಓದಿದ ಮೇಲೆ ನನಗೆ ತೋರುವುದೇನೆಂದರೆ, ಇಲ್ಲಿ ತೊಡಕೆಲ್ಲ ಕಂಪ್ಯೂಟರಿಗೆ ವೈಫೈ ಕಲಿಸಲು ಹೋಗುವುದರಿಂದ ಹುಟ್ಟುತ್ತಿದೆ. ಕಂಪ್ಯೂಟರಿಗೆ ಲ್ಯಾನ್ ಚೆನ್ನಾಗಿ ಗೊತ್ತಿದೆ, ಅದಕ್ಕೆ ಲ್ಯಾನನ್ನೇ ಕೊಡಿ. ವೈಫೈ ಹಿಡಿಯುವ ಕೆಲಸವನ್ನು ಬೇರೊಂದು ಪೆಟ್ಟಿಗೆ ಮಾಡಲಿ.

ಗೋಡೆಯ ಪ್ಲಗ್‌ಗೆ ಚುಚ್ಚುವ ವೈಫೈ ಎಕ್ಸ್‌ಟೆಂಡರ್‌ಗಳಲ್ಲಿ ಹಲವಕ್ಕೆ ಕೆಳಗಡೆ ಒಂದು ಲ್ಯಾನ್ ಪೋರ್ಟ್ ಇರುತ್ತದೆ. ಕೊಳ್ಳುವಾಗ ಆ ಪೋರ್ಟ್ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು, ಏಕೆಂದರೆ ಇಲ್ಲದ ಮಾದರಿಗಳೂ ಅದೇ ಕಪಾಟಿನಲ್ಲಿರುತ್ತವೆ. ಎಕ್ಸ್‌ಟೆಂಡರ್ ಮನೆಯ ವೈಫೈಗೆ ಸೇರಿಕೊಂಡು, ಬಂದ ಸಂಪರ್ಕವನ್ನು ಆ ಪೋರ್ಟಿನಿಂದ ಹೊರಗೆ ಕೊಡುತ್ತದೆ. ಅಲ್ಲಿಂದ ಕಂಪ್ಯೂಟರಿಗೆ ಸಾಮಾನ್ಯ ಲ್ಯಾನ್ ಕೇಬಲ್. ನಡುವೆ ವೈಫೈ ಇದೆ ಎಂಬುದು ಕಂಪ್ಯೂಟರಿಗೆ ತಿಳಿಯುವುದೇ ಇಲ್ಲ. ಡ್ರೈವರ್ ಬೇಡ, ವಿಂಡೋಸ್ 7 ಆದರೂ ಲಿನಕ್ಸ್ ಆದರೂ ಸರಿ. ನಾಳೆ ಮನೆಯ ವೈಫೈಗೆ ಡಬ್ಲ್ಯುಪಿಎ3 ಭದ್ರತೆ ಹಾಕಿದರೂ ಅದನ್ನು ನಿಭಾಯಿಸಬೇಕಾದ್ದು ಎಕ್ಸ್‌ಟೆಂಡರೇ ಹೊರತು ಹಳೆಯ ಕಂಪ್ಯೂಟರ್ ಅಲ್ಲ.

ಎಕ್ಸ್‌ಟೆಂಡರ್ ವೇಗವನ್ನು ಅರ್ಧಕ್ಕೆ ಇಳಿಸುತ್ತದೆ ಎಂದು ಯಾರಾದರೂ ಹೇಳುವ ಮುನ್ನವೇ ಉತ್ತರ ಕೊಡುತ್ತೇನೆ. ಆ ಮಾತು ಸುಳ್ಳಲ್ಲ, ಆದರೆ ಇಲ್ಲಿಗೆ ಹೊಂದುವುದಿಲ್ಲ. ಒಂದೇ ರೇಡಿಯೊ ಒಂದೇ ಚಾನೆಲ್‌ನಲ್ಲಿ ರೂಟರಿನಿಂದ ಕೇಳಿಸಿಕೊಂಡದ್ದನ್ನು ಮತ್ತೊಮ್ಮೆ ಗಾಳಿಯಲ್ಲಿಯೇ ಫೋನಿಗೆ ಹೇಳಬೇಕಾದಾಗ ಪ್ರತಿಯೊಂದು ಮಾಹಿತಿಯೂ ಎರಡು ಸಲ ಗಾಳಿಯಲ್ಲಿ ಹೋಗುತ್ತದೆ, ಆದ್ದರಿಂದ ವೇಗ ಅರ್ಧವಾಗುತ್ತದೆ. ಕಂಪ್ಯೂಟರಿಗೆ ಕೇಬಲ್‌ನಲ್ಲಿ ಕೊಡುವಾಗ ಎರಡನೆಯ ಸಲ ಗಾಳಿಯ ಗೊಡವೆಯೇ ಇಲ್ಲ. ಅಗ್ಗದ ಎಕ್ಸ್‌ಟೆಂಡರ್‌ನ ಪೋರ್ಟ್ 100 ಎಂಬಿಪಿಎಸ್‌ನದ್ದಾಗಿರುತ್ತದೆ, ಮನೆಬಳಕೆಯ ಯೋಜನೆಗಳಿಗೆ ಅಷ್ಟು ಧಾರಾಳವಾಯಿತು.

ನಮ್ಮ ಅಂಗಡಿ ಕಡಲಿಗೆ ಹತ್ತಿರ. ಬಿಲ್ಲಿಂಗ್ ಕಂಪ್ಯೂಟರಿಗೆ ಮೊದಲು ಡಾಂಗಲ್ ಇತ್ತು. ಉಪ್ಪುಗಾಳಿಗೆ ಅದರ ಯುಎಸ್‌ಬಿ ತುದಿಯ ಹೊಂಬಣ್ಣದ ಪಟ್ಟಿಗಳು ಮೊದಲು ಮಂಕಾಗಿ, ಆಮೇಲೆ ಅಂಚಿನಲ್ಲಿ ಹಸಿರು ಪುಡಿ ಕಟ್ಟಿ, ಮಧ್ಯಾಹ್ನದ ವ್ಯಾಪಾರದ ಹೊತ್ತಿಗೆ ಸರಿಯಾಗಿ ಸಂಪರ್ಕ ತಪ್ಪುತ್ತಿತ್ತು. ಕಿತ್ತು ಒರೆಸಿ ಹಾಕಿದರೆ ಮತ್ತೆ ಬರುತ್ತಿತ್ತು. ಲ್ಯಾನ್ ಪಿನ್ನಿಗೂ ಉಪ್ಪು ಬಿಡುವುದಿಲ್ಲವಾದರೂ ಅದು ಖಟ್ಟನೆ ಕಚ್ಚಿಕೊಂಡು ಕೂರುತ್ತದೆ, ಹಾಳಾದರೆ ಹೊಸ ಪಿನ್ ಕ್ರಿಂಪ್ ಮಾಡಿಸಲು ಹೆಚ್ಚು ಖರ್ಚಿಲ್ಲ.

ಹೊನ್ನಾವರ ವೈರ್‌ಮನ್

ಇಷ್ಟೆಲ್ಲ ಸುತ್ತುಬಳಸು ಏಕೆ ಎಂದು ಕೇಳಬಹುದೇ? 25 ಮೀಟರ್ ಏನೂ ದೂರವಲ್ಲ. ಲ್ಯಾನ್ ಕೇಬಲ್ 100 ಮೀಟರಿನವರೆಗೆ ನಿರಾತಂಕವಾಗಿ ನಡೆಯುತ್ತದೆ. ಬಿಸಿಲು ತಡೆಯುವ ಕಪ್ಪು ಹೊದಿಕೆಯ, ಹೊರಾಂಗಣಕ್ಕೆಂದೇ ಮಾಡಿದ ಕ್ಯಾಟ್ 6 ಕೇಬಲ್ ತಂದು ಸೂರಿನ ಅಡಿ ಕ್ಲಿಪ್ ಹೊಡೆದರೆ ಗೋಡೆಗೆ ತೂತೂ ಬೇಡ, ಮೆತ್ತಿಯ ಕಿಟಕಿಯ ಸಂದಿಯಿಂದ ಒಳಗೆ ತರಬಹುದು. ಕೊಳ್ಳುವಾಗ ಪೂರ್ತಿ ತಾಮ್ರದ್ದನ್ನೇ ಕೇಳಿ. ಅಲ್ಯೂಮಿನಿಯಂ ತಂತಿಗೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್ ಪಿನ್ ಹಾಕುವಾಗಲೇ ತುಂಡಾಗುತ್ತದೆ, ಒದ್ದೆ ಹವೆಯಲ್ಲಿ ಬಾಳುವುದಿಲ್ಲ. ಪಿನ್ ಹಾಕುವ ಬಣ್ಣದ ಕ್ರಮವೂ ಎರಡು ತುದಿಯಲ್ಲಿ ಒಂದೇ ಇರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.

ಸೋಂದಾ ತೋಟ

ಎಲ್ಲರಿಗೂ ಧನ್ಯವಾದಗಳು. ವೈರ್‌ಮನ್ ಅವರೇ, ಕೇಬಲ್ ನನಗೂ ಮೊದಲು ಹೊಳೆದದ್ದೇ. ಆದರೆ ನಮ್ಮಲ್ಲಿ ಮಳೆಗಾಲ ಹಿಡಿಯುವ ಮುಂಚಿನ ಗುಡುಗು-ಸಿಡಿಲು ನಿಮಗೂ ಗೊತ್ತಿದ್ದದ್ದೇ. ಟೆಲಿಫೋನ್ ತಂತಿಯ ಕಾಲದಲ್ಲಿ ಮೋಡ ಕಟ್ಟಿದ ಕೂಡಲೇ ಮೋಡೆಮ್‌ನ ಪಿನ್ ಕೀಳಲು ಯಾರಾದರೂ ಮೆತ್ತಿಗೆ ಓಡಬೇಕಾಗುತ್ತಿತ್ತು. ಮರೆತ ವರ್ಷ ಮೋಡೆಮ್ ಹೋಗುತ್ತಿತ್ತು, ಒಮ್ಮೆ ಅದರ ಜೊತೆಗೆ ಕಂಪ್ಯೂಟರಿನ ಲ್ಯಾನ್ ಪೋರ್ಟ್ ಕೂಡ ಹೋಗಿ ಕಾರ್ಡ್ ಹಾಕಿಸಬೇಕಾಯಿತು. ಸೂರಿನ ಅಡಿಯ ಕೇಬಲ್‌ಗೂ ಅದೇ ಗತಿಯಾಗುವುದಿಲ್ಲವೇ?

ಇನ್ನೊಂದು ಪ್ರಶ್ನೆ. ಆ ಹಳೆಯ ಮೋಡೆಮ್‌ಗೂ ಎರಡು ಆಂಟೆನಾಗಳಿವೆ, ಅದು ವೈಫೈ ಕೊಡುತ್ತಿತ್ತು. ಅದನ್ನೇ ತಿರುಗಿಸಿ ವೈಫೈ ಹಿಡಿಯುವ ಪೆಟ್ಟಿಗೆಯಾಗಿ ಬಳಸಲು ಸಾಧ್ಯವೇ?

ಹೊನ್ನಾವರ ವೈರ್‌ಮನ್

ಸಿಡಿಲಿನ ಪ್ರಶ್ನೆ ಬಂದರೆ ನಾನು ಹಗುರವಾಗಿ ಮಾತನಾಡುವುದಿಲ್ಲ. ಟೆಲಿಫೋನ್ ತಂತಿ ಕಂಬದಿಂದ ಕಂಬಕ್ಕೆ ಬಯಲಿನಲ್ಲಿ ಮೈಲುಗಟ್ಟಲೆ ಬರುತ್ತಿತ್ತು, ಆದ್ದರಿಂದ ದೂರದಲ್ಲೆಲ್ಲೋ ಬಿದ್ದ ಸಿಡಿಲಿನ ಹೊಡೆತವೂ ಮನೆಗೆ ಮುಟ್ಟುತ್ತಿತ್ತು. ಒಂದೇ ಮನೆಯ ಸೂರಿನ ಅಡಿಯ 25 ಮೀಟರ್ ಕೇಬಲ್‌ಗೆ ಅಷ್ಟು ಅಪಾಯವಿಲ್ಲ. ಆದರೆ ಅಪಾಯವೇ ಇಲ್ಲ ಎನ್ನಲಾರೆ. ಸಿಡಿಲು ತಂತಿಗೇ ಬಡಿಯಬೇಕೆಂದಿಲ್ಲ; ತೋಟದ ತೆಂಗಿನ ಮರಕ್ಕೆ ಬಡಿದರೂ ಹತ್ತಿರದ ಉದ್ದನೆಯ ತಂತಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಲ್ಯಾನ್ ಪೋರ್ಟಿನೊಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳಿರುತ್ತವೆ, ಅವು 1500 ವೋಲ್ಟಿನ ಪರೀಕ್ಷೆ ತಾಳಬೇಕೆಂಬ ನಿಯಮವಿದೆ. ಸಮೀಪದ ಸಿಡಿಲಿನ ಮುಂದೆ ಆ ಲೆಕ್ಕ ನಿಲ್ಲುವುದಿಲ್ಲ.

ಮನೆಯಿಂದ ಕೊಟ್ಟಿಗೆಗೋ ಪಂಪ್‌ಹೌಸ್‌ಗೋ ತಾಮ್ರದ ಲ್ಯಾನ್ ಎಳೆಯುವುದನ್ನು ಮಾತ್ರ ನಾನು ಬೇಡವೆಂದೇ ಹೇಳುತ್ತೇನೆ. ಎರಡು ಕಟ್ಟಡಗಳ ಅರ್ಥಿಂಗ್ ಬೇರೆ ಬೇರೆ ಇರುತ್ತದೆ. ಸಿಡಿಲು ಬಡಿದ ಕ್ಷಣದಲ್ಲಿ ಎರಡರ ನಡುವಿನ ವೋಲ್ಟೇಜ್ ವ್ಯತ್ಯಾಸವೆಲ್ಲ ಆ ಕೇಬಲ್ ಮೂಲಕವೇ ಹರಿಯಲು ನೋಡುತ್ತದೆ. ಅಲ್ಲಿ ಫೈಬರ್ ಎಳೆದು ಎರಡು ತುದಿಗೆ ಫೈಬರಿನ ಬೆಳಕನ್ನು ಲ್ಯಾನ್ ಸಂಕೇತವಾಗಿ ಬದಲಿಸುವ ಮೀಡಿಯಾ ಕನ್ವರ್ಟರ್ ಹಾಕಬೇಕು, ಇಲ್ಲವೇ ವೈಫೈ ಬಳಸಬೇಕು. ಈಗ ಯೋಚಿಸಿದರೆ ಸೋಂದಾದವರ ಮಟ್ಟಿಗೂ ಕೋಡಿಬಾಗದವರ ಸಲಹೆಗೆ ಈ ಒಂದು ಗುಣ ಹೆಚ್ಚಾಗಿಯೇ ಇದೆ: ಜಗುಲಿಯ ಪೆಟ್ಟಿಗೆಗೂ ಮೆತ್ತಿಯ ಕಂಪ್ಯೂಟರಿಗೂ ನಡುವೆ ಸಂಪರ್ಕದ ತಂತಿಯೇ ಇರುವುದಿಲ್ಲ. ಕರೆಂಟಿನ ಲೈನ್ ಮೂಲಕ ಬರುವ ಹೊಡೆತ ಬೇರೆ, ಅದಕ್ಕೆ ಈಗಲೂ ಪ್ಲಗ್ ಕೀಳಲೇಬೇಕು, ಸ್ವಿಚ್ ಆರಿಸಿದರೆ ಸಾಲದು. ಫೈಬರ್ ಗಾಜಿನದ್ದಾದರೂ ಅದನ್ನು ಕಂಬದಿಂದ ತಂದ ಕೇಬಲ್‌ನಲ್ಲಿ ಭಾರ ಹೊರಲು ಉಕ್ಕಿನ ತಂತಿ ಇರುವುದುಂಟು. ಆ ಉಕ್ಕು ಮನೆಯ ಹೊರಗಿನ ಕೊಕ್ಕೆಯಲ್ಲಿಯೇ ನಿಂತಿದೆಯೇ, ಪೆಟ್ಟಿಗೆಯವರೆಗೂ ಬಂದಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಕುಮಟಾ ರಿಪೇರಿ

ಹಳೆಯ ಮೋಡೆಮ್ ಬಗ್ಗೆ. ಅದರ ಸೆಟ್ಟಿಂಗ್ಸ್ ಪುಟದ ವೈರ್‌ಲೆಸ್ ವಿಭಾಗದಲ್ಲಿ ಕ್ಲೈಂಟ್, ಡಬ್ಲ್ಯುಐಎಸ್‌ಪಿ ಅಥವಾ ಡಬ್ಲ್ಯುಡಿಎಸ್ ಎಂಬ, ಬೇರೆ ಪೆಟ್ಟಿಗೆಯ ವೈಫೈ ಹಿಡಿಯುವ ಆಯ್ಕೆ ಇದೆಯೇ ನೋಡಿ. ಟೆಲಿಫೋನ್ ತಂತಿಯ ಮೋಡೆಮ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅವು ವೈಫೈ ಕೊಡಬಲ್ಲವೇ ಹೊರತು ಹಿಡಿಯಲಾರವು. ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿ ಬದಲಿಸುವ ದಾರಿಯೂ ಉಂಟು, ಆದರೆ ಅದು ಎಲ್ಲ ಮಾದರಿಗಳಿಗೂ ಒಗ್ಗುವುದಿಲ್ಲ, ಮತ್ತು ಕೇವಲ ಒಂದು ಕಂಪ್ಯೂಟರಿಗಾಗಿ ಅಷ್ಟು ಪಾಡು ಪಡಬೇಕೆಂದು ನನಗನ್ನಿಸುವುದಿಲ್ಲ.

ಒಂದು ವೇಳೆ ಯಾರ ಬಳಿಯಾದರೂ ಕ್ಲೈಂಟ್ ಮೋಡ್ ಇರುವ ಹಳೆಯ ರೂಟರ್ ಇದ್ದರೆ ಅದು ಎಕ್ಸ್‌ಟೆಂಡರ್‌ನಷ್ಟೇ ಒಳ್ಳೆಯದು. ಆಗ ಎರಡು ಸಂಗತಿ ಗಮನಿಸಬೇಕು. ಹೊಸ ಪೆಟ್ಟಿಗೆಯ ವಿಳಾಸವೂ 192.168.1.1, ಹಳೆಯ ರೂಟರಿನದೂ ಅದೇ ಆಗಿದ್ದರೆ ಎರಡೂ ಜಗಳಕ್ಕೆ ಬೀಳುತ್ತವೆ, ಹಳೆಯದರ ವಿಳಾಸವನ್ನು ಬದಲಿಸಬೇಕು. ಅದನ್ನು ಬ್ರಿಡ್ಜ್ ಆಗಿ (ಎರಡು ಬದಿಯನ್ನೂ ಒಂದೇ ಜಾಲವಾಗಿ ಬೆಸೆಯುವ ಸೇತುವೆಯಾಗಿ) ಬಳಸುವುದಾದರೆ ವಿಳಾಸ ಹಂಚುವ ಡಿಎಚ್‌ಸಿಪಿ ಕೆಲಸವನ್ನೂ ಅದರಲ್ಲಿ ನಿಲ್ಲಿಸಬೇಕು, ಏಕೆಂದರೆ ಮನೆಯಲ್ಲಿ ವಿಳಾಸ ಹಂಚುವವರು ಒಬ್ಬರೇ ಇರಬೇಕು.

ಸಿದ್ದಾಪುರ ಸದಸ್ಯ

ಕರೆಂಟಿನ ವೈರಿಂಗ್ ಮೂಲಕವೇ ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ಒಂದನ್ನು ಕೆಳಗಿನ ಪ್ಲಗ್‌ಗೆ, ಇನ್ನೊಂದನ್ನು ಮೇಲಿನ ಪ್ಲಗ್‌ಗೆ ಹಾಕಿದರೆ ಆಯಿತಂತೆ.

ಹೊನ್ನಾವರ ವೈರ್‌ಮನ್

ಅದು ನಡೆಯಬೇಕಾದರೆ ಎರಡು ಪ್ಲಗ್‌ಗಳೂ ಒಂದೇ ಫೇಸ್‌ನಲ್ಲಿದ್ದರೆ ಒಳ್ಳೆಯದು. ತೋಟದ ಮನೆಗಳಲ್ಲಿ ಮೂರು ಫೇಸ್ ಇದ್ದು, ಕೆಳಗೆ ಒಂದು, ಮೇಲೆ ಒಂದು ಫೇಸ್ ಹಂಚಿರುವುದು ಸಾಮಾನ್ಯ. ಯುಪಿಎಸ್ ಅಥವಾ ಸರ್ಜ್ (ವೋಲ್ಟೇಜ್ ಹೊಡೆತ) ತಡೆಯುವ ಬೋರ್ಡಿನ ಹಿಂದೆ ಅದನ್ನು ಚುಚ್ಚಿದರೆ ಆ ಬೋರ್ಡಿನ ಫಿಲ್ಟರ್ ಅದರ ಸಂಕೇತವನ್ನೇ ನುಂಗುತ್ತದೆ. ನೇರ ಗೋಡೆಗೆ ಚುಚ್ಚಿದರೆ ಸಿಡಿಲಿಗೆ ರಕ್ಷಣೆಯಿಲ್ಲ. ಹಳೆಯ ವೈರಿಂಗ್ ಇರುವ ಮನೆಗೆ ನಾನು ಹೇಳುವುದಿಲ್ಲ.

ಕೋಡಿಬಾಗ ಅಂಗಡಿ

ಎಕ್ಸ್‌ಟೆಂಡರ್ ಇಡುವ ಜಾಗದ ಬಗ್ಗೆ ಒಂದು ಮಾತು. ಅದನ್ನು ಕಂಪ್ಯೂಟರಿನ ಪಕ್ಕದಲ್ಲಿಡಬೇಕೆಂದಿಲ್ಲ, ಇಡಲೂಬಾರದು. ಸಿಗ್ನಲ್ ಇನ್ನೂ ಗಟ್ಟಿಯಾಗಿರುವ ಜಾಗದಲ್ಲಿ ಎಕ್ಸ್‌ಟೆಂಡರ್ ಇಟ್ಟು, ಅಲ್ಲಿಂದ ಮುಂದಿನ ದಾರಿಯನ್ನು ಲ್ಯಾನ್ ಕೇಬಲ್ ಸಾಗಲಿ. ಬರಗಾಲದಲ್ಲಿ ಬತ್ತಿದ ಬಾವಿಯ ಪಕ್ಕ ಪಂಪ್ ಕೂಡಿಸುವುದಕ್ಕಿಂತ ನೀರಿರುವಲ್ಲಿ ಕೂಡಿಸಿ ಪೈಪ್ ಎಳೆಯುವುದು ಲೇಸಲ್ಲವೇ? ಫೋನಿನಲ್ಲಿ ವೈಫೈ ಅನಲೈಸರ್ ರೀತಿಯ ಆಪ್ ಹಾಕಿಕೊಂಡರೆ ಸಿಗ್ನಲ್ಲನ್ನು ಡಿಬಿಎಂ ಎಂಬ ಅಳತೆಯಲ್ಲಿ ತೋರಿಸುತ್ತದೆ. ಮೈನಸ್ 50 ಅಂದರೆ ಬಹಳ ಚೆನ್ನು, ಮೈನಸ್ 65ರ ಆಸುಪಾಸು ವಿಡಿಯೊ ನೋಡಲು ಅಡ್ಡಿಯಿಲ್ಲ, ಮೈನಸ್ 80 ಅಂದರೆ ಇದ್ದೂ ಇಲ್ಲದಂತೆ. ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಫೋನ್ ಒಂದೊಂದು ರೀತಿ ತೋರಿಸುತ್ತದೆ.

ಅಳೆಯುವಾಗ ಮಳೆಗಾಲವನ್ನೂ ಮನಸ್ಸಿನಲ್ಲಿಡಿ. ಕೆಂಪುಕಲ್ಲು ತೂತುತೂತಾದ ಕಲ್ಲು, ಆಷಾಢದಲ್ಲಿ ನೀರು ಹೀರಿಕೊಂಡು ನಿಲ್ಲುತ್ತದೆ. ನೀರು ತುಂಬಿದ ಗೋಡೆ ಒಣಗೋಡೆಗಿಂತ ಹೆಚ್ಚು ಸಿಗ್ನಲ್ ನುಂಗುತ್ತದೆ. ಬೇಸಿಗೆಯಲ್ಲಿ ಅಂಚಿನಲ್ಲಿ ನಿಂತ ಸಂಪರ್ಕ ಆಗ ಕೈಕೊಡುತ್ತದೆ, ಆದ್ದರಿಂದ ಈಗಲೇ ಸ್ವಲ್ಪ ಹೆಚ್ಚೇ ಸಿಗ್ನಲ್ ಇರುವಂತೆ ಲೆಕ್ಕ ಹಾಕಿ. ಪೆಟ್ಟಿಗೆ 2.4 ಮತ್ತು 5 ಎರಡೂ ಗಿಗಾಹರ್ಟ್ಸ್ ಕೊಡುವಂಥದ್ದಾದರೆ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟು ಎಕ್ಸ್‌ಟೆಂಡರನ್ನು 2.4ಕ್ಕೇ ಸೇರಿಸಿ, 5 ವೇಗದ್ದಾದರೂ ನಿಮ್ಮಂಥ ಗೋಡೆ ದಾಟುವಾಗ ಬೇಗ ಸೋಲುತ್ತದೆ. ಅಕ್ಕಪಕ್ಕದ ವೈಫೈಗಳು ಒಂದರ ಮೇಲೊಂದು ಬೀಳದಂತೆ ಚಾನೆಲ್ 1, 6, 11ರಲ್ಲಿ ಒಂದನ್ನು ಆರಿಸುವ ಚಿಂತೆ ನಮ್ಮಂಥ ಪೇಟೆಯವರಿಗೆ ಇರಲಿ. ನಿಮ್ಮ ತೋಟದಲ್ಲಿ ಅಕ್ಕಪಕ್ಕದ ವೈಫೈ ಯಾವುದಿದ್ದೀತು!

ಸೋಂದಾ ತೋಟ

ಸದಸ್ಯರ ಸಲಹೆಯಂತೆ ಕೆಲಸ ಮಾಡಿ ಬಂದು ಬರೆಯುತ್ತಿದ್ದೇನೆ. ಫೋನ್ ಟೆಥರಿಂಗ್‌ನಿಂದ ಕಂಪ್ಯೂಟರಿಗೆ ನೆಟ್ ಬಂತು, ಆದರೆ ಫೋನ್ ಮೇಜಿನ ಮೇಲಿದ್ದಾಗ ತಡವರಿಸುತ್ತಿತ್ತು. ಆಪ್‌ನಲ್ಲಿ ಮೇಜಿನ ಬಳಿ ಮೈನಸ್ 78 ತೋರಿಸಿದರೆ, ಮೆತ್ತಿಗೆ ಏರುವ ಏಣಿಯ ತಲೆಯಲ್ಲಿ ಮೈನಸ್ 61. ಏಣಿಯ ಕಿಂಡಿಯ ಮೂಲಕ ಸಿಗ್ನಲ್ ಗೋಡೆಯ ಹಂಗಿಲ್ಲದೆ ಮೇಲೆ ಬರುತ್ತಿರಬೇಕು. ಅಲ್ಲಿ ದೀಪದ ಸ್ವಿಚ್‌ಬೋರ್ಡಿನಲ್ಲಿ ಒಂದು ಪ್ಲಗ್ ಇತ್ತು, ಅದಕ್ಕೇ ಎಕ್ಸ್‌ಟೆಂಡರ್ ಹಾಕಿ, ಪಕಾಸಿನ ಗುಂಟ 10 ಮೀಟರ್ ಲ್ಯಾನ್ ಕೇಬಲ್ ಕಟ್ಟಿಕೊಂಡು ಬಂದೆವು. ಅಪ್ಪನ ಗೋಡೆಗೆ ಒಂದು ಮೊಳೆಯೂ ಬೀಳಲಿಲ್ಲ.

ಆದರೆ ಕೇಬಲ್ ಚುಚ್ಚಿದರೆ ಪೋರ್ಟಿನ ದೀಪ ಮಿನುಗಿದರೂ ನೆಟ್ ಬರುತ್ತಿಲ್ಲ. ಹಳದಿ ತ್ರಿಕೋನದ ಗುರುತು ಬರುತ್ತದೆ. ಅದೇ ಕೇಬಲನ್ನು ಮಗಳ ಲ್ಯಾಪ್‌ಟಾಪ್‌ಗೆ ಹಾಕಿದರೆ ಬರುತ್ತದೆ.

ಕುಮಟಾ ರಿಪೇರಿ

ಲ್ಯಾಪ್‌ಟಾಪ್‌ಗೆ ಬರುತ್ತದೆ ಎಂದ ಮೇಲೆ ಎಕ್ಸ್‌ಟೆಂಡರ್ ಮತ್ತು ಕೇಬಲ್ ಎರಡೂ ನಿರ್ದೋಷಿಗಳು. ಟೆಲಿಫೋನ್ ತಂತಿಯ ಕಾಲದಲ್ಲಿ ಸಂಪರ್ಕ ಜೋಡಿಸಲು ಬಂದವರು ಕಂಪ್ಯೂಟರಿಗೆ ಕೈಯಿಂದಲೇ ಒಂದು ವಿಳಾಸ ಬರೆದಿಡುವ ರೂಢಿಯಿತ್ತು. ಲ್ಯಾನ್ ಸಂಪರ್ಕದ ಪ್ರಾಪರ್ಟೀಸ್‌ಗೆ ಹೋಗಿ, ಐಪಿ ಆವೃತ್ತಿ 4 ಎಂಬ ಸಾಲನ್ನು ತೆರೆದು, ವಿಳಾಸ ಮತ್ತು ಡಿಎನ್‌ಎಸ್ (ಜಾಲತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ಎರಡನ್ನೂ ತಾನಾಗಿ ಪಡೆಯುವಂತೆ ಬದಲಿಸಿ. ಹೆಸರು, ಪಾಸ್‌ವರ್ಡ್ ಕೇಳುವ ಹಳೆಯ ಬ್ರಾಡ್‌ಬ್ಯಾಂಡ್ ಡಯಲರ್ ಐಕಾನ್ ಇದ್ದರೆ ಅದನ್ನೂ ಅಳಿಸಿ. ಈಗ ಆ ಲಾಗಿನ್ ಕೆಲಸ ಜಗುಲಿಯ ಪೆಟ್ಟಿಗೆಯದು. ಆಮೇಲೆ ಕಮಾಂಡ್ ಪ್ರಾಂಪ್ಟ್ ತೆರೆದು ಪೆಟ್ಟಿಗೆಯ ವಿಳಾಸಕ್ಕೆ ಪಿಂಗ್ ಮಾಡಿ, ಅಂದರೆ ಉತ್ತರ ಕೊಡುತ್ತದೆಯೇ ಎಂದು ಕರೆದು ನೋಡಿ. ಉತ್ತರ ಕೆಲವೇ ಮಿಲಿಸೆಕೆಂಡ್‌ಗಳಲ್ಲಿ, ಒಂದೂ ತಪ್ಪದೆ ಬರುತ್ತಿದ್ದರೆ ಮನೆಯೊಳಗಿನ ದಾರಿ ಸರಿಯಾಗಿದೆ ಎಂದರ್ಥ.

ಜೊತೆಗೆ ಗಡಿಯಾರವನ್ನೂ ನೋಡಿ. ಬಹಳ ದಿನ ಆಫ್ ಆಗಿದ್ದ ಹಳೆಯ ಕಂಪ್ಯೂಟರಿನ ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಸಿಆರ್2032 ಸೆಲ್ ಸತ್ತಿರುತ್ತದೆ. ತಾರೀಖು ಹಿಂದೆ ಹೋದರೆ ಪಿಂಗ್ ಬಂದರೂ ಯಾವ ಜಾಲತಾಣವೂ ತೆರೆಯುವುದಿಲ್ಲ, ಏಕೆಂದರೆ ತಾಣದ ಭದ್ರತಾ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲ ಎಂದು ಬ್ರೌಸರ್ ಎಣಿಸುತ್ತದೆ.

ಸೋಂದಾ ತೋಟ

ಕೈಯಿಂದ ಬರೆದ ವಿಳಾಸವೇ ಇತ್ತು, ಬದಲಿಸಿದೆ. ತಾರೀಖೂ ಹಿಂದಿತ್ತು; ಸೆಲ್ ಶಿರಸಿ ಪೇಟೆಯಲ್ಲಿ ಕೈಗಡಿಯಾರದ ಅಂಗಡಿಯಲ್ಲೇ ಸಿಕ್ಕಿತು. ಈಗ ಪಿಂಗ್ ಮೂರು-ನಾಲ್ಕು ಮಿಲಿಸೆಕೆಂಡ್ ತೋರಿಸುತ್ತಿದೆ, ಸೊಸೈಟಿಯ ಅಡಿಕೆ ದರದ ಪುಟ ತೆರೆಯುತ್ತಿದೆ. ಆದರೆ ಕ್ರೋಮ್ ಇನ್ನು ಅಪ್‌ಡೇಟ್ ಸಿಗುವುದಿಲ್ಲ ಎಂದು ಮೇಲ್ಗಡೆ ಪಟ್ಟಿ ಹಾಕುತ್ತಿದೆ.

ಅಕ್ಕೋರೇ, ಲಿನಕ್ಸ್ ವಿಷಯಕ್ಕೆ ಅಡಿಕೆ ಕೊಯ್ಲು ಮುಗಿದ ಮೇಲೆ ಬರುತ್ತೇನೆ.

ಯಲ್ಲಾಪುರ ಅಕ್ಕೋರು

ಆಗಲಿ. ವಿಂಡೋಸ್ 7ರಲ್ಲಿ ನಡೆಯುವ ಕೊನೆಯ ಕ್ರೋಮ್ ಆವೃತ್ತಿ 109, ಕೊನೆಯ ಫೈರ್‌ಫಾಕ್ಸ್ ಸರಣಿ 115. ಅಲ್ಲಿಯವರೆಗೆ ಆ ಕಂಪ್ಯೂಟರಿನಲ್ಲಿ ದರ ನೋಡುವುದು, ಮುದ್ರಿಸುವುದು ಇಷ್ಟಕ್ಕೇ ನಿಲ್ಲಿಸಿ. ಬ್ಯಾಂಕಿನ ವ್ಯವಹಾರ ಬೇಡ. ನುಡಿ ಕಡತಗಳ ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಇವತ್ತೇ ತೆಗೆದಿಡಿ.

ಸಿದ್ದಾಪುರ ಸದಸ್ಯ

ಒಂದು ಕೊನೆಯ ಪ್ರಶ್ನೆ. ನಮ್ಮಲ್ಲಿ ಕ್ಯಾಮೆರಾಗಳ ದೃಶ್ಯ ದಾಖಲಿಸುವ ಡಿವಿಆರ್‌ಗೂ ಲ್ಯಾನ್ ಪೋರ್ಟ್ ಮಾತ್ರ ಇದೆ, ಪಕ್ಕದಲ್ಲಿ ಒಂದು ಡೆಸ್ಕ್‌ಟಾಪ್ ಕೂಡ ಇದೆ. ಒಂದೇ ಎಕ್ಸ್‌ಟೆಂಡರ್‌ನಿಂದ ಎರಡಕ್ಕೂ ಕೊಡಬಹುದೇ?

ಕೋಡಿಬಾಗ ಅಂಗಡಿ

ಕೊಡಬಹುದು. ಐದು ಪೋರ್ಟಿನ ಒಂದು ಸಣ್ಣ ಲ್ಯಾನ್ ಸ್ವಿಚ್ ತಂದು ಎಕ್ಸ್‌ಟೆಂಡರ್‌ನ ಕೇಬಲನ್ನು ಅದಕ್ಕೆ ಹಾಕಿ, ಅಲ್ಲಿಂದ ಎರಡಕ್ಕೂ ಹಂಚಿ. ಆದರೆ ಒಂದು ವಿಚಿತ್ರ ಕಾಣಿಸಬಹುದು. ವೈಫೈನಲ್ಲಿ ಒಂದು ಸಾಧನ ರೂಟರ್ ಜೊತೆ ಮಾತನಾಡುವಾಗ ಮಾಹಿತಿಯ ಸಾಮಾನ್ಯ ಕಟ್ಟಿನಲ್ಲಿ (ಫ್ರೇಮ್‌ನಲ್ಲಿ) ಮೂರು ವಿಳಾಸಗಳಿಗೆ ಮಾತ್ರ ಜಾಗವಿರುತ್ತದೆ; ಎಕ್ಸ್‌ಟೆಂಡರ್‌ನ ಹಿಂದೆ ಅಡಗಿರುವ ಕಂಪ್ಯೂಟರಿನ ಮ್ಯಾಕ್ ವಿಳಾಸ (ಸಾಧನದ ಗುರುತಿನ ಸಂಖ್ಯೆ) ಬರೆಯಲು ಜಾಗ ಉಳಿಯುವುದಿಲ್ಲ. ಆದ್ದರಿಂದ ಬಹಳಷ್ಟು ಎಕ್ಸ್‌ಟೆಂಡರ್‌ಗಳು ತಮ್ಮದೇ ಮ್ಯಾಕ್ ವಿಳಾಸವನ್ನು ಮುಂದೆ ಮಾಡಿ, ಉತ್ತರ ಬಂದಾಗ ಯಾರದ್ದೆಂದು ತಾವೇ ವಿಂಗಡಿಸಿ ಕೊಡುತ್ತವೆ. ಪೆಟ್ಟಿಗೆಯ ಪಟ್ಟಿಯಲ್ಲಿ ಡಿವಿಆರ್‌ಗೂ ಡೆಸ್ಕ್‌ಟಾಪ್‌ಗೂ ಒಂದೇ ರೀತಿಯ ಮ್ಯಾಕ್ ಕಂಡರೆ ಅದು ದೋಷವಲ್ಲ. ಮ್ಯಾಕ್ ನೋಡಿ ಒಳಗೆ ಬಿಡುವ ಫಿಲ್ಟರ್ ಹಾಕಿಕೊಂಡಿದ್ದರೆ ಮಾತ್ರ ಅದರಲ್ಲಿ ಎಕ್ಸ್‌ಟೆಂಡರ್‌ನ ವಿಳಾಸವನ್ನೂ ಸೇರಿಸಿ. ಡಿವಿಆರ್‌ಗೆ ಸ್ಥಿರ ವಿಳಾಸ ಬೇಕಾದರೆ ಪೆಟ್ಟಿಗೆಯಲ್ಲಿ ಮ್ಯಾಕ್ ಆಧರಿಸಿ ಕಾಯ್ದಿರಿಸಲು ಹೋಗದೆ, ಡಿವಿಆರ್‌ನ ಮೆನುವಿನಲ್ಲಿಯೇ, ಪೆಟ್ಟಿಗೆ ಹಂಚುವ ವ್ಯಾಪ್ತಿಯ ಹೊರಗಿನ ಒಂದು ವಿಳಾಸವನ್ನು ಬರೆದುಬಿಡಿ.